ಸುರ್ತಿಯ ಹನ್ನೊಂದು ಮೊಟ್ಟೆಗಳು

ಶನಿವಾರ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಕರೆಂಟು ಇರುವುದಿಲ್ಲವೆಂದು ಯಾರೋ ನಮ್ಮ ಓಣಿಯ ಕಾವಲುಕಟ್ಟೆಗೆ ಒಂದು ಚೀಟಿ ಅಂಟಿಸಿ ಹೋದರು. ಉಳಿದವರು ಅದನ್ನು ಓದಿ ನೀರು ತುಂಬಿಸಿಟ್ಟುಕೊಂಡರು, ಇಸ್ತ್ರಿ ಮುಗಿಸಿಕೊಂಡರು. ತರ್ಜುಕಿ ಮಾತ್ರ ಮೂರು ಸಲ ಓದಿ, ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಹತ್ತು ಗಂಟೆ ಕರೆಂಟಿಲ್ಲದಿದ್ರೆ ಯಾರೂ ಸಾಯಲ್ಲ ಕಂಗ್," ಎಂದರು ಓಣಿಯ ಮುಖ್ಯಸ್ಥ ಪಾ ರೋಯಿದ್. ನಮ್ಮ ಬ್ರೆಬೆಸ್ ಕಡೆ ಅಣ್ಣನ ಸಲುಗೆಯಲ್ಲಿ ಎಲ್ಲರೂ ಅವನನ್ನು ಕಂಗ್ ಎಂದೇ ಕರೆಯುವುದು.

"ನಮ್ಮನೇಲಿ ಹನ್ನೊಂದು ಜನ ಸಾಯ್ತಾರೆ, ಪಾ."

ಆ ಹನ್ನೊಂದು ಜನ ಯಾರೆಂದು ಓಣಿಗೆಲ್ಲ ಗೊತ್ತಿತ್ತು. ತರ್ಜುಕಿ ಈರುಳ್ಳಿ ಮಂಡಿಯಲ್ಲಿ ತೂಕ ಮಾಡುವವನು. ಒಂಬತ್ತು ವರ್ಷದ ಹಿಂದೆ, ಹೆಬ್ಬೆರಳ ದಪ್ಪದ ಒಂದು ಉಡದ ಮರಿಯನ್ನು ಈರುಳ್ಳಿ ಹೊಲದ ಕಾಲುವೆಯಿಂದ ಎತ್ತಿ ತಂದಿದ್ದ. ಅದಕ್ಕೆ ಸುರ್ತಿ ಎಂದು ಹೆಸರಿಟ್ಟ. ಅವಳು ಬೆಳೆದು ಅವನಷ್ಟೇ ಉದ್ದವಾದಳು. ಭಾನುವಾರ ಅವಳನ್ನು ಹೆಗಲ ಮೇಲೆ ಹಾಕಿಕೊಂಡು, ಮೋಟಾರ್ ಸೈಕಲ್ಲಿನಲ್ಲಿ ತೆಗಾಲ್ ಪಟ್ಟಣದ ಬಯಲಿಗೆ ಹೋಗುತ್ತಿದ್ದ. ಅಲ್ಲಿ ಅವನಂಥವರೇ ಹತ್ತಾರು ಜನ ತಮ್ಮ ತಮ್ಮ ಉಡಗಳೊಂದಿಗೆ ಸೇರುತ್ತಿದ್ದರು. ಈ ವರ್ಷ ಅಲ್ಲಿಯ ಗೆಳೆಯನೊಬ್ಬನ ಗಂಡು ಉಡವನ್ನು ಮನೆಗೆ ಕರೆತಂದು, ಹೊಸ ಅಳಿಯನಿಗೆ ಮಾಡುವಷ್ಟು ಉಪಚಾರ ಮಾಡಿದ್ದ. ಐದು ವಾರದ ಹಿಂದೆ ಸುರ್ತಿ ಹನ್ನೊಂದು ಮೊಟ್ಟೆಯಿಟ್ಟು, ನಾಲ್ಕನೆಯ ದಿನ ತೀರಿಕೊಂಡಳು.

ನಮ್ಮದು ಬಾತುಕೋಳಿ ಸಾಕಿ ಅನ್ನ ತಿನ್ನುವ ಊರು. ಬಾತುಮರಿ ನುಂಗುವ ಉಡ ಸತ್ತರೆ ಇಲ್ಲಿ ಯಾರೂ ಸಮಾಧಾನ ಹೇಳಲು ಬರುವುದಿಲ್ಲ. ಏಳನೆಯ ದಿನ ಮಾತ್ರ ಯಾರೋ ಬಾಳೆಯೆಲೆ ಮುಚ್ಚಿದ ಒಂದು ತಟ್ಟೆ ಅನ್ನವನ್ನು ತರ್ಜುಕಿಯ ಬಾಗಿಲಲ್ಲಿಟ್ಟು ಹೋಗಿದ್ದರು. ಬಾತುಮರಿ ಮಾಡಿಸುವ ಮನೆಯಲ್ಲಿ ಕೆಲಸಕ್ಕಿದ್ದ, ನಾವೆಲ್ಲ ಅಕ್ಕ ಎಂಬಂತೆ ಯು ಎನ್ನುವ ಚಸ್ಮಿ ಅದನ್ನಿಟ್ಟವಳೆಂದು ಆಮೇಲೆ ತಿಳಿಯಿತು. ಕೇಳಿದರೆ, "ಅನ್ನ ಜಾಸ್ತಿ ಆಗಿತ್ತು" ಎಂದಳು.

ಮೊಟ್ಟೆಗಳನ್ನು ತರ್ಜುಕಿ ಮೀನಂಗಡಿಯ ಥರ್ಮಕೋಲ್ ಪೆಟ್ಟಿಗೆಯಲ್ಲಿ, ಒದ್ದೆ ತೆಂಗಿನ ನಾರಿನ ಪುಡಿಯೊಳಗೆ ಅರ್ಧ ಹೂತು, ಬಲ್ಬಿನ ಕಾವಿನಲ್ಲಿ ಇಟ್ಟಿದ್ದ. ಪ್ರತಿಯೊಂದರ ತೊಗಲಿನಂಥ ಸಿಪ್ಪೆಯ ನೆತ್ತಿಯ ಮೇಲೂ ಪೆನ್ಸಿಲಿನಿಂದ ಒಂದು ಕತ್ತರಿ ಗುರುತು. ಬಾತಿನ ಮೊಟ್ಟೆಯನ್ನು ದಿನಕ್ಕೆ ಮೂರು ಸಲ ಹೊರಳಿಸದಿದ್ದರೆ ಮರಿ ಕೆಡುತ್ತದೆ. ಉಡದ ಮೊಟ್ಟೆಯನ್ನು ಒಂದು ಸಲ ಹೊರಳಿಸಿದರೂ ಕೆಡುತ್ತದೆ. ಸಿಪ್ಪೆಯ ಮೇಲ್ಗೋಡೆಗೆ ಅಂಟಿಕೊಂಡ ಎಳೆಜೀವ ತಲೆಕೆಳಗಾಗಿ ಉಸಿರು ಕಟ್ಟುತ್ತದೆ. ಇದನ್ನು ಅವನು ಓಣಿಯ ಪ್ರತಿ ಬಾಗಿಲಿಗೂ ಹೇಳಿಕೊಂಡು ಬಂದಿದ್ದ.

ಶನಿವಾರ ಬೆಳಗಾಗುವಾಗ ಮಳೆ ಹನಿಯುತ್ತಿತ್ತು. ಬಲ್ಬು ಆರಿತು. ಕಾವು ಮಾಪಕದಲ್ಲಿ ಮೂವತ್ತು ಇದ್ದದ್ದು ಇಪ್ಪತ್ತೊಂಬತ್ತಕ್ಕೆ ಇಳಿಯಿತು.

"ಇಲ್ಲೇ ಬಿಡಿ ಅವನ್ನ," ಎಂದಳು ಹೆಂಡತಿ ವಸ್ತಿ. "ಹೊಳೆದಂಡೇಲಿ ಮಳೆ ಬಂದಾಗ ಅವರಮ್ಮಂದಿರು ಬಲ್ಬು ಹಚ್ತಾರಾ?"

"ನಿಂಗೆ ಗೊತ್ತಾಗಲ್ಲ."

"ಹೌದು, ನಂಗೆ ಗೊತ್ತಾಗಲ್ಲ. ನಾನು ಹೆರೋವಾಗ ನೀವು ಮಂಡೀಲಿ ಈರುಳ್ಳಿ ತೂಗ್ತಿದ್ರಿ."

ಹಾಗೆಂದವಳೇ ಒಳಗೆ ಹೋಗಿ, ಹಬ್ಬಕ್ಕೆಂದು ತೆಗೆದಿಟ್ಟಿದ್ದ ತನ್ನ ಹೊಸ ಶಾಲನ್ನು ತಂದು ಪೆಟ್ಟಿಗೆಗೆ ಸುತ್ತಿದಳು.

ಕರೆಂಟಿಲ್ಲದೆಯೂ ಬೆಚ್ಚಗಿರುವ ಜಾಗ ಊರಲ್ಲಿ ಒಂದೇ ಇತ್ತು: ವಕ್ ದರ್ಯುಮಿಯ ಮರಿ ಮಾಡಿಸುವ ಮನೆ. ಅಲ್ಲಿ ಹಳೆಯ ಪೆಟ್ಟಿಗೆಗಳು ಇನ್ನೂ ಸೀಮೆಎಣ್ಣೆ ದೀಪದ ಮೇಲೇ ನಡೆಯುತ್ತಿದ್ದವು. ತೊಡಕೆಂದರೆ, ಊರಿಗೆಲ್ಲ ದೊಡ್ಡಮ್ಮನಾದ ಈ ವಕ್‌ಗೆ ಉಡ ಎಂದರೆ ಆಗದು. ಪ್ರವಾಹದ ವರ್ಷ ಉಡಗಳು ಒಂದೇ ವಾರದಲ್ಲಿ ಅವಳ ನಲವತ್ತು ಮರಿಗಳನ್ನು ನುಂಗಿದ್ದವು. ಅಂದಿನಿಂದ ಆ ಪ್ರಾಣಿಯ ಹೆಸರು ಕಿವಿಗೆ ಬಿದ್ದರೆ ಅವಳು ಎಡಕ್ಕೆ ತಿರುಗಿ ಉಗುಳುವಳು.

ತರ್ಜುಕಿ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು, ಅಂಚಿನವರೆಗೆ ಎಣ್ಣೆ ತುಂಬಿದ ಬಟ್ಟಲು ಹೊತ್ತವನಂತೆ ಹೊರಟ. ಪಾ ರೋಯಿದ್ ಮುಂದೆ ನಿಂತು, "ದಾರಿ ಬಿಡಿ, ಗುಂಡಿ ಇದೆ, ಎಡಕ್ಕೆ, ಎಡಕ್ಕೆ" ಎನ್ನುತ್ತ ನಡೆದರು. ಒಬ್ಬರು ಛತ್ರಿ ಹಿಡಿದರು, ಛತ್ರಿಯ ನೀರು ಪೆಟ್ಟಿಗೆಗೆ ಬೀಳದಂತೆ ಇನ್ನೊಬ್ಬರು ಇನ್ನೊಂದು ಛತ್ರಿ ಹಿಡಿದರು. ಅಡ್ಡ ಬಂದ ಬಾತುಗಳ ದಂಡು ಮೆರವಣಿಗೆಯನ್ನು ನೋಡಿ ತಾನೂ ಹಿಂದೆ ಸೇರಿಕೊಂಡಿತು. ಇನ್ನೂರು ಹೆಜ್ಜೆಯ ದಾರಿಗೆ ಅರ್ಧ ಗಂಟೆ ಹಿಡಿಯಿತು.

ವಕ್ ಬಾಗಿಲಲ್ಲಿ ನಿಂತಿದ್ದಳು.

"ಏನೋ ಅದು?"

"ಮೊಟ್ಟೆ, ವಕ್."

"ಯಾರ್ದು?"

"ಸುರ್ತೀದು."

ವಕ್ ಎಡಕ್ಕೆ ತಿರುಗಿದಳು. ಉಗುಳಿದಳು. ಛತ್ರಿ ಹಿಡಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಮರಿ ಮಾಡ್ಸೋದು ನನ್ ಕೆಲ್ಸ," ಎಂದಳು ಅವಳು. "ಒಳಗಿರೋದು ಯಾರು, ದೊಡ್ಡೋರಾಗಿ ಏನ್ ತಿಂತಾರೆ ಅಂತ ಮೊಟ್ಟೇನ ಕೇಳೋಕಾಗತ್ತಾ? ತಗೊಂಬಾ ಒಳಗೆ. ಚಪ್ಪಲಿ ಆಚೆ ಬಿಡು."

ಬಾತಿನ ಮೊಟ್ಟೆಯ ಪೆಟ್ಟಿಗೆಗಳೊಳಗಿನ ಕಾವು ಉಡಕ್ಕೆ ಹೆಚ್ಚು. ತರ್ಜುಕಿ ಮಾಪಕ ಹಿಡಿದು, ಮನೆಗೆ ಜಾಗ ನೋಡುವವನಂತೆ ಕೋಣೆಯನ್ನೆಲ್ಲ ಅಳೆದ. ಕೊನೆಗೆ, ಹೊರಳಿಸಲು ಮೊಟ್ಟೆಯ ತಟ್ಟೆಗಳನ್ನು ಸಾಲಾಗಿಡುವ ಉದ್ದನೆಯ ಹಲಗೆಯ ತುದಿಯಲ್ಲಿ, ಗೋಡೆಯ ಪಕ್ಕ, ಸರಿಯಾಗಿ ಮೂವತ್ತು ಸಿಕ್ಕಿತು. ಪೆಟ್ಟಿಗೆಯನ್ನು ಅಲ್ಲಿಟ್ಟ. ಪಕ್ಕದಲ್ಲೇ ಒಂದು ಮುಕ್ಕಾಲಿ ಎಳೆದುಕೊಂಡು ಉಡದ ಪಟ್ಟು ಹಿಡಿದು ಕುಳಿತ.

ಹೆದರಿಕೆಗೆ ಕಾರಣವಿತ್ತು. ಕರೆಂಟಿಲ್ಲದ್ದರಿಂದ ತಾನೇ ಹೊರಳಿಸುವ ಹೊಸ ಯಂತ್ರ ನಿಂತಿತ್ತು. ಎರಡು ಸಾವಿರ ಮೊಟ್ಟೆಯನ್ನೂ ವಕ್ ಮತ್ತು ಯು ಚಸ್ಮಿ ಕೈಯಲ್ಲೇ ಹೊರಳಿಸಬೇಕಿತ್ತು. ಬಾತಿನ ಮೊಟ್ಟೆಗೂ ಗುರುತಿರುತ್ತದೆ: ಒಂದು ಮೈಗೆ ಸೊನ್ನೆ, ಇನ್ನೊಂದು ಮೈಗೆ ಕತ್ತರಿ. ಬಾಂಗು ಕೇಳಿದೊಡನೆ ಆ ಹೆಂಗಸರ ಕೈಗಳು ತಾವಾಗಿ ಏಳುತ್ತಿದ್ದವು. ಒಂದು ಸರದಿಗೆ ಕತ್ತರಿಯೆಲ್ಲ ಕೆಳಗೆ, ಮುಂದಿನದಕ್ಕೆ ಸೊನ್ನೆಯೆಲ್ಲ ಕೆಳಗೆ. ಹಲಗೆಯ ಆ ತುದಿಯಿಂದ ಹೊರಟ ಕೈ ಈ ತುದಿಗೆ ಬರುವಾಗ ತರ್ಜುಕಿ ಎರಡೂ ತೋಳು ಚಾಚಿ ಪೆಟ್ಟಿಗೆಗೆ ಅಡ್ಡ ನಿಲ್ಲುತ್ತಿದ್ದ.

"ಮುಟ್ಟಲ್ಲ ಕಣೋ," ಎಂದು ಯು ಚಸ್ಮಿ ನಕ್ಕಳು. "ಕೈ ಬೇಕಿದ್ರೆ ಕಟ್ಟಿಹಾಕು."

ಓಣಿಯವರು ಮನೆಗೆ ಹೋದವರು ಸುಮ್ಮನಿರಲಿಲ್ಲ. ಒಬ್ಬರು ಬಿಸಿನೀರಿನ ಬಾಟಲಿ ತಂದು ಮೊಟ್ಟೆಯ ಪಕ್ಕ ಮಲಗಿಸಲು ನೋಡಿದರು. ಇನ್ನೊಬ್ಬರು ಸೊಂಟನೋವಿಗೆ ಕಾಯಿಸುವ ಇಟ್ಟಿಗೆ ತಂದರು. ಪಾ ರೋಯಿದ್ ರಟ್ಟಿನ ಮೇಲೆ 'ಹೊರಳಿಸಬಾರದು' ಎಂದು ಬರೆದು, ಕೆಳಗೆ ತಮ್ಮ ಕಚೇರಿಯ ಮುದ್ರೆ ಒತ್ತಿ, ಸಹಿ ಹಾಕಿ ತಂದು ತೂಗುಹಾಕಿದರು. ಎಲ್ಲರೂ ಪೆಟ್ಟಿಗೆಯ ಸುತ್ತ ಬಗ್ಗಿ ನಿಂತದ್ದರಿಂದ ಕಾವು ಮೂವತ್ತೆರಡಕ್ಕೆ ಏರಿತು.

"ಆಚೆ ಹೋಗ್ರೋ!" ತರ್ಜುಕಿ ಅಳುದನಿಯಲ್ಲಿ ಕೂಗಿದ. "ನಿಮ್ಮ ಉಸಿರಿಗೇ ಬೆಂದುಹೋಗ್ತಾವೆ!"

ಮಧ್ಯಾಹ್ನ ವಸ್ತಿ ಕರಿದ ಸೋಯಾ ತೆಂಪೆ, ಅನ್ನ ತಂದಳು. ಅವನು ಒಂದು ಕಣ್ಣನ್ನು ತಟ್ಟೆಯ ಮೇಲೂ ಇನ್ನೊಂದನ್ನು ಮೊಟ್ಟೆಯ ಮೇಲೂ ಇಟ್ಟು ತಿಂದ. ಹಿಂದಿರುಗುವಾಗ ಅವಳು ಬಾಗಿಲಲ್ಲಿ ವಕ್ ದರ್ಯುಮಿಯನ್ನು ತಡೆದು ಪಿಸುಗುಟ್ಟಿದಳು. "ವಕ್, ಹಳೇ ಸಿಟ್ಟೇನೂ ಇಟ್ಕೋಬೇಡಿ. ಅವು ಹೋದ್ರೆ ಇವರನ್ನ ನನ್ ಕೈಲಿ ಹಿಡಿಯೋಕಾಗಲ್ಲ. ಸುರ್ತಿ ಹೋದಾಗಿಂದ ಸರಿಯಾಗಿ ಮಾತೇ ಆಡಿಲ್ಲ."

ಸಂಜೆಗೆ ಮಳೆ ಜೋರಾಯಿತು. ತನ್ನ ಮನೆಯೊಳಗೆ ನೀರು ನುಗ್ಗುತ್ತಿದೆಯೆಂದು ಸುದ್ದಿ ಬಂದು ಯು ಚಸ್ಮಿ ಓಡಿದಳು. ಮಗ್ರಿಬಿನ ಬಾಂಗು ಆಯಿತು. ಚೀಟಿಯಲ್ಲಿದ್ದ ಆರು ಗಂಟೆ ದಾಟಿದರೂ ಕರೆಂಟು ಬರಲಿಲ್ಲ. ವಕ್ ಒಬ್ಬಳೇ ಸೊಂಟ ಹಿಡಿದುಕೊಂಡು ಮೊದಲ ತಟ್ಟೆಯ ಮುಂದೆ ನಿಂತಳು. ಎರಡು ಸಾಲು ಮುಗಿಸುವಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು.

ತರ್ಜುಕಿ ಎದ್ದ. "ಬಿಡಿ ವಕ್, ನಾನು ಮಾಡ್ತೀನಿ. ನೀವು ಕೂತ್ಕೊಳ್ಳಿ."

"ನಿಂಗೆ ನೆನಪಿದ್ಯೇನೋ?"

ನೆನಪಿಲ್ಲದೆ ಏನು? ಅವನ ತಾಯಿ ಇದೇ ಮನೆಯಲ್ಲಿ ಇಪ್ಪತ್ತು ವರ್ಷ ಮೊಟ್ಟೆ ಹೊರಳಿಸಿದವಳು. ಅವನು ಬೆಳೆದದ್ದೇ ಈ ಹಲಗೆಯ ಕೆಳಗೆ. ಬೆರಳು ಸೋಕಿದರೆ ಸಾಕು, ಮೊಟ್ಟೆ ತಾನೇ ಮಗ್ಗುಲು ಬದಲಿಸುತ್ತಿತ್ತು. ವಕ್ ಮುಕ್ಕಾಲಿಯ ಮೇಲೆ ಕುಳಿತು, ಮಣ್ಣಿನ ಹೂಜಿಯಿಂದ ಎರಡು ಬಟ್ಟಲಿಗೆ ಚಹಾ ಬಗ್ಗಿಸಿ, ಕಲ್ಲುಸಕ್ಕರೆ ಹಾಕಿದಳು. ಒಂದನ್ನು ಅವನ ಕಡೆ ಸರಿಸಿ ಕೇಳಿದಳು:

"ಕೊನೇಲಿ ತುಂಬ ಒದ್ದಾಡಿದ್ಲಾ, ನಿನ್ ಸುರ್ತಿ?"

ಐದು ವಾರದಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ. ಅದೂ ಸುರ್ತಿಯ ಹೆಸರಿಗೆ ಎಡಕ್ಕೆ ತಿರುಗಿ ಉಗುಳುವವಳು, ಈಗ ಉಗುಳದೆ ಕೇಳಿದ್ದಳು. ತರ್ಜುಕಿಯ ಕೈ ಒಂದು ಗಳಿಗೆ ನಿಂತು, ಮತ್ತೆ ಚಲಿಸಿತು.

"ಒದ್ದಾಡ್ಲಿಲ್ಲ ವಕ್. ಸುಮ್ನೆ ನೋಡ್ತಿದ್ಲು. ನೀರು ಹಿಡಿದ್ರೆ ಬಾಯಿ ತೆರೀತಿರ್ಲಿಲ್ಲ. ನಾನು ಮಂಡಿಗೆ ಹೋಗದೆ ಕೂತೆ. ಮೂರ್ನೇ ದಿನ ತೆವಳ್ಕೊಂಡ್ ಬಂದು ನನ್ ತೊಡೆ ಮೇಲೆ ಗದ್ದ ಇಟ್ಲು. ಎಂದೂ ಹಾಗೆ ತಾನಾಗಿ ಬಂದೋಳಲ್ಲ, ನಾನೇ ಎತ್ಕೋಬೇಕಿತ್ತು..."

ದೀಪದ ಮಬ್ಬಿನಲ್ಲಿ ಸಾಲುಗಳು ಒಂದಾದಮೇಲೊಂದು ಮುಗಿಯುತ್ತಿದ್ದವು. ಕತ್ತರಿ ಕೆಳಗೆ, ಮುಂದಿನದು. ಕತ್ತರಿ ಕೆಳಗೆ, ಮುಂದಿನದು. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ವಕ್ ಕೂಡ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು ನೆಲ ನೋಡುತ್ತ ಕುಳಿತಿದ್ದಳು.

"ಜನ ಅಂತಾರೆ ಉಡದ ಮೈ ಒರಟು ಅಂತ. ಗಂಟಲ ಹತ್ರ ಮುಟ್ಟಿ ನೋಡ್ಬೇಕು ವಕ್. ಎಷ್ಟು ಮೆತ್ತಗೆ ಅಂತೀರಿ! ಇಗೋ, ಸರಿಯಾಗಿ ಹೀಗೆ, ಈ..."

ಅವನು ಕೈಯಲ್ಲಿದ್ದುದನ್ನು ತೋರಿಸಲು ಎತ್ತಿದ.

ಬಾತಿನ ಮೊಟ್ಟೆ ಮೆತ್ತಗಿರುವುದಿಲ್ಲ.

ಅವನು ಹಲಗೆಯ ತುದಿಯಲ್ಲಿ ನಿಂತಿದ್ದ. ಗಾಳಿಯಾಡಲೆಂದು ಮುಚ್ಚಳ ತೆಗೆದಿದ್ದ ಪೆಟ್ಟಿಗೆಯಲ್ಲಿ ಹತ್ತು ಮೊಟ್ಟೆಗಳು ಅಚ್ಚುಕಟ್ಟಾಗಿ ಹೊರಳಿ ಮಲಗಿದ್ದವು. ಒಂದರ ಮೇಲೂ ಗುರುತು ಕಾಣಲಿಲ್ಲ. ಹನ್ನೊಂದನೆಯದು ಅವನ ಅಂಗೈಯಲ್ಲಿತ್ತು. ನೆತ್ತಿಯ ಮೇಲೆ ಪಾ ರೋಯಿದರ ಮುದ್ರೆಯೊತ್ತಿದ ರಟ್ಟು ಮೆಲ್ಲಗೆ ತೂಗುತ್ತಿತ್ತು.

ಅವನು ಒಂದೊಂದನ್ನೇ ಮತ್ತೆ ಮೊದಲಿನಂತೆ ಇಡತೊಡಗಿದ. ಎರಡು ಸಲ ಗುರುತು ತಪ್ಪಿಸಿ ಇಟ್ಟ. ಉಳಿದವನ್ನು ವಕ್ ಇಟ್ಟಳು. ಒಂದನ್ನು ದೀಪದ ಕಿಂಡಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅರವತ್ತು ವರ್ಷದಿಂದ ಮೊಟ್ಟೆಯೊಳಗನ್ನು ನೋಡುತ್ತ ಬಂದ ಕಣ್ಣು ಅದು. ಆಮೇಲೆ ಅದನ್ನು ಸ್ವಸ್ಥಾನದಲ್ಲಿಟ್ಟಳು.

ಅಷ್ಟರಲ್ಲಿ ಕರೆಂಟು ಬಂತು. ಹಿಂದೆಯೇ ಛತ್ರಿಗಳ ಮೆರವಣಿಗೆಯೂ ಬಂತು.

"ಬಂತು ಬಂತು! ನಡಿ ಕಂಗ್, ಮನೆಗೆ!" ಎಂದು ಒಳನುಗ್ಗಿದ ಪಾ ರೋಯಿದ್ ಅವನ ಮುಖ ನೋಡಿ ನಿಂತರು. "ಯಾಕೆ? ಏನಾಯ್ತು?"

ತರ್ಜುಕಿ ಬಾಯಿ ತೆರೆದ.

"ನಾನು ಹೊರಳಿಸ್ಬಿಟ್ಟೆ," ಎಂದಳು ವಕ್ ದರ್ಯುಮಿ. "ಮುದುಕಿ ಕೈ. ಅಭ್ಯಾಸ ಬಲ."

ಕೂಡಲೇ ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಮುದ್ರೆ ಹಾಕಿದ ಫಲಕ ಕಣ್ಣಿಗೆ ಬೀಳಲಿಲ್ಲವೇ ಎಂದರು ಪಾ ರೋಯಿದ್. ನಲವತ್ತು ಮರಿಗಳ ಸೇಡು ತೀರಿಸಿಕೊಂಡಳೆಂದು ಹಿಂದಿನಿಂದ ಯಾರೋ ಅಂದರು. ವಸ್ತಿ ಅಳುತ್ತ, "ಕಾಲು ಹಿಡಿಯೋದೊಂದು ಬಾಕಿ ಇತ್ತಲ್ಲ ವಕ್, ಅದನ್ನೂ ಮಾಡ್ತಿದ್ದೆ!" ಎಂದಳು. ವಕ್ ಚಹಾದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ತರ್ಜುಕಿ ಅವಳ ಬೆನ್ನನ್ನೇ ನೋಡುತ್ತ ನಿಂತ. ಆಗ ಹೇಳಬಹುದಿತ್ತು. ಹೇಳಲಿಲ್ಲ.

ಮೂರು ವಾರದಲ್ಲಿ ಮೊಟ್ಟೆಗಳು ಒಂದೊಂದಾಗಿ ಕುಗ್ಗಿ, ಹಳದಿಯಾಗಿ, ಬೂಷ್ಟು ಹಿಡಿದವು. ಹಿತ್ತಲಿನ ನುಗ್ಗೆಮರದ ಬುಡದಲ್ಲಿ, ಸುರ್ತಿಯ ಪಕ್ಕದಲ್ಲೇ, ತರ್ಜುಕಿ ಅವನ್ನು ಹೂತ. ಓಣಿಯ ಹೆಂಗಸರು ವಕ್ ದರ್ಯುಮಿಯ ಮನೆಯಿಂದ ಮರಿ ಕೊಳ್ಳುವುದನ್ನು ಬಿಟ್ಟರು. ತರ್ಜುಕಿ ಮಾತ್ರ ದಿನಾ ಸಂಜೆ ಮಂಡಿಯಿಂದ ನೇರ ಅಲ್ಲಿಗೇ ಹೋಗಿ, ಮಗ್ರಿಬಿನ ಸರದಿಯ ಮೊಟ್ಟೆಗಳನ್ನೆಲ್ಲ ತಾನೇ ಹೊರಳಿಸಿ ಬರತೊಡಗಿದ.

"ನೋಡಿ, ಮನುಷ್ಯ ಅಂದ್ರೆ ಹೀಗಿರ್ಬೇಕು," ಎಂದು ಜನ ಕೊಂಡಾಡಿದರು. "ಮನೆ ಹಾಳು ಮಾಡಿದೋಳಿಗೇ ಹೋಗಿ ಗೇಯ್ತಾನೆ!"

ಆ ಹೊಗಳಿಕೆಯನ್ನು ಎರಡು ತಿಂಗಳು ಸಹಿಸಿದ. ಕೊನೆಗೊಂದು ಶುಕ್ರವಾರ, ಮಸೀದಿಯಿಂದ ಹೊರಬಂದವರೆಲ್ಲ ಕಾವಲುಕಟ್ಟೆಯಲ್ಲಿ ಸೇರಿದ್ದಾಗ, ಎದ್ದು ನಿಂತು ಗಟ್ಟಿಯಾಗಿ ಹೇಳಿಬಿಟ್ಟ:

"ಆ ಮೊಟ್ಟೆ ವಕ್ ಹೊರಳಿಸ್ಲಿಲ್ಲ. ನಾನು ಹೊರಳಿಸಿದ್ದು. ನನ್ನ ಕೈಯಿಂದ, ಹನ್ನೊಂದನ್ನೂ."

ಪಾ ರೋಯಿದರ ಕಣ್ಣಲ್ಲಿ ನೀರು ತುಂಬಿತು. ಅವರು ಎದ್ದು ಬಂದು ತರ್ಜುಕಿಯನ್ನು ತಬ್ಬಿಕೊಂಡು, ಹೆಗಲ ಮೇಲಿಂದ ಜನರಿಗೆ ಹೇಳಿದರು:

"ಕೇಳಿದ್ರಾ? ಆ ಮುದುಕಿ ತಪ್ಪನ್ನೂ ತನ್ನ ತಲೆ ಮೇಲೆ ಹೊತ್ಕೊಂಡ, ಪುಣ್ಯಾತ್ಮ!"