ಸಾವಯವ ತಪಾಸಣೆಯವಳ ಊಟದ ಡಬ್ಬಿ

ಭಟ್ಕಳದಿಂದ ಕುಮಟೆಯವರೆಗೆ ತೋಟ, ಗದ್ದೆ ಸುತ್ತಿ, ಗೊಬ್ಬರ ಮೂಸಿ, ‘ಸಾವಯವ’ ಲೇಬಲ್ ಕೊಡಬಹುದೋ ಬೇಡವೋ ಎಂದು ವರದಿ ಬರೆಯುವುದು ನನ್ನ ಕೆಲಸ. ವಾರಕ್ಕೊಂದು ಫಜೀತಿ ಆಗದಿದ್ದರೆ, ಸರಿಯಾಗಿ ನೋಡಲಿಲ್ಲವೇನೋ ಎಂದು ನನಗೇ ಅನುಮಾನ. ಎಲ್ಲದಕ್ಕೂ ಮೂಲ ಒಂದೇ ನಿಯಮ: ತಪಾಸಣೆಗೆ ಹೋದಲ್ಲಿ ಊಟ ಹಾಗಿರಲಿ, ಬೆಲ್ಲ-ನೀರನ್ನೂ ಮುಟ್ಟುವಂತಿಲ್ಲ. ಹಾಗಾಗಿ ಡಬ್ಬಿಯನ್ನು ಬಸ್ ಸ್ಟಾಪಿನಲ್ಲಿ ಒಬ್ಬಳೇ ಬಿಚ್ಚುತ್ತೇನೆ. ಮನೆಯಲ್ಲಿ ಯಾವ ನಿಯಮವೂ ಇಲ್ಲ. ಅಲ್ಲಿಯೂ ತಟ್ಟೆ ಒಂದೇ.

೧. ಎಳನೀರು

ಹಳದೀಪುರದ ತೆಂಗಿನ ತೋಟದ ಯಜಮಾನರು ನಾನು ಕೂರುವ ಮೊದಲೇ ಎಳನೀರು ಕೆತ್ತಿ ಮುಂದಿಟ್ಟರು. ಕುಡಿಯುವಂತಿಲ್ಲ ಎಂದೆ.

“ಇದಕ್ಕೇ ಅಲ್ದಾ ನೀವು ಲೇಬಲ್ ಕೊಡೂದು?”

“ಹೌದು.”

ಅವರು ಹೆಂಡತಿಯ ಕಡೆ ತಿರುಗಿದರು. “ಕೇಳ್ತಾ? ಲೇಬಲ್ ಕೊಡೂ ಅಕ್ಕೋರೇ ಕುಡೂದಿಲ್ಲ ಅಂತ್ರು. ನಾವೂ ಇನ್ಮುಂದೆ ಬಾವಿ ನೀರೇ ಕುಡಿಯೂದು ಒಳ್ಳೇದು.”

೨. ಸಹಿ

ಅಘನಾಶಿನಿಯ ಹತ್ತಿರ ಉಪ್ಪುನೀರಿನಲ್ಲೇ ಬೆಳೆಯುವ ಕಗ್ಗ ಭತ್ತದ ಗದ್ದೆ. ಗಂಡ ಹೆಂಡತಿ ಕಟ್ಟೆಯ ಮೇಲೆ ಕೂತು ಒಂದೇ ಬುತ್ತಿಯಿಂದ ಗಂಜಿ ಉಣ್ಣುತ್ತಿದ್ದರು. ನಾನು ದೂರ ನಿಂತು ಫಾರ್ಮು ತೆಗೆದೆ.

“ಗೊಬ್ಬರ ಹಾಕುವವರು ಯಾರು?”

“ಹೊಳೆ. ದಿವಸಕ್ಕೆ ಎರಡು ಸಲ ಬಂದು ಹಾಕ್ಕೊಂಡು ಹೋಗ್ತದೆ.”

“ಗೊಬ್ಬರ ಹೊರಗಿಂದ ಬಂದರೆ ಕೊಟ್ಟವರ ಸಹಿ ಬೇಕು.”

ಗಂಡ ಒಂದು ತುತ್ತು ನುಂಗಿ ನೀರಿನ ಕಡೆ ನೋಡಿದ. “ಕಾಗದ ಅಲ್ಲಿ ಕಟ್ಟೆ ಕೆಳಗೆ ಇಡಿ. ಹೊಳೆಗೆ ಉಬ್ಬರ ಏರೂ ಹೊತ್ತಾತು, ಅದೇ ಬಂದು ಹಾಕ್ತದೆ.”

೩. ಫೇಲು

ಭಟ್ಕಳದ ಗುಡ್ಡದ ಬುಡದಲ್ಲಿ ಬಸಳೆ ಚಪ್ಪರ ಹಾಕಿಕೊಂಡ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು, ಒಬ್ಬರೇ ಇರುವವರು. ಲೇಬಲ್ ಸಿಗಲು ಮೂರು ವರ್ಷದ ತಪಾಸಣೆ ಆಗಬೇಕು. ಇದು ಮೂರನೆಯದು, ಕೊನೆಯದು. ಪ್ರತಿ ಸಲವೂ ಊಟಕ್ಕೆ ಕರೆದಿದ್ದರು, ಪ್ರತಿ ಸಲವೂ ನಾನು ಡಬ್ಬಿ ತೋರಿಸಿದ್ದೆ.

“ಪಾಸಾದ್ರೆ ಎಂತ?” ಎಂದರು.

“ಲೇಬಲ್ ಸಿಗ್ತದೆ. ವರ್ಷವರ್ಷವೂ ನೋಡಲಿಕ್ಕೆ ಬರ್ತೇನೆ.”

“ಆಗ ಉಣ್ತೀರಾ?”

“ಆಗಲೂ ಇಲ್ಲ.”

“ಫೇಲಾದ್ರೆ?”

“ತಪಾಸಣೆಯೇ ಇರೂದಿಲ್ಲ. ಆಮೇಲೆ ನಾನು ಬರೀ ದಾರಿಯಲ್ಲಿ ಹೋಗುವವಳು.”

ಅವರು ಒಳಗೆ ಹೋಗಿ ಒಂದು ಪೊಟ್ಟಣ ತಂದರು. ಪಕ್ಕದ ಮನೆಯಿಂದ ಬೇಡಿ ತಂದದ್ದಂತೆ, ಯೂರಿಯಾ. ನನ್ನ ಕಣ್ಣೆದುರೇ ಒಂದು ಮುಷ್ಟಿ ಬಸಳೆ ಬುಡಕ್ಕೆ ಚೆಲ್ಲಿ, “ಬರೀರಿ,” ಎಂದರು.

“ಮೂರು ವರ್ಷ ಹಾಳು ಮಾಡಿಕೊಂಡಿರಲ್ಲ, ಅಕ್ಕ.”

“ಹಿಂದಿನ ಎರಡು ಸಲವೂ ನೀವು ಬರೂ ದಿವಸ ಇಬ್ಬರಿಗೆ ಅನ್ನ ಇಟ್ಟು, ಮರುದಿವಸ ತಂಗಳು ನಾನೇ ಉಂಡಿದ್ದೆ. ಲೇಬಲ್ ಎದುರಿಗೆ ಕೂತು ಉಣ್ತದಾ? ಬರೀರಿ.”

ಬರೆದೆ. ಸಹಿ ಮಾಡಿ, ಕೈ ತೊಳೆದು, ಅವರ ಎದುರು ಕೂತೆ. ಬಸಳೆ ಹುಳಿ ಬಡಿಸುವಾಗ ನಾನು ಒಂದು ಕ್ಷಣ ತಟ್ಟೆಯನ್ನೇ ನೋಡಿದ್ದಿರಬೇಕು.

“ಹೆದರೂದು ಬೇಡ,” ಎಂದು ಇನ್ನೊಂದು ಸೌಟು ಹಾಕಿದರು. “ಬೆಳಿಗ್ಗೆಯೇ ಕೊಯ್ದಿಟ್ಟದ್ದು. ಆಗ ಇನ್ನೂ ಸಾವಯವವೇ ಇತ್ತು.”