ಬೋರ್ಡಿನ ನಡುವೆ ಕೂತವಳು

ಸಂಜೆ ಹೋಟೆಲಿನ ಹೊಸ ಬೋರ್ಡಿನ ಮೇಲಿನ ಬಟ್ಟೆ ಎಳೆದಾಗ ಅಲ್ಲಿ ತನ್ನ ಹೆಸರಿದ್ದರೆ ಮುಖವನ್ನು ಹೇಗಿಟ್ಟುಕೊಳ್ಳುವುದು? ಜಲಜಾಕ್ಷಿಗೆ ಎದ್ದಾಗಿನಿಂದ ಇದೇ ಚಿಂತೆ. ನಗಬೇಕೋ, ಗೊತ್ತೇ ಇರಲಿಲ್ಲವೆಂಬಂತೆ ಬೆಚ್ಚಬೇಕೋ? ಹೆಸರಿಲ್ಲದಿದ್ದರೆ ಏನು ಮಾಡುವುದೆಂದು ಯೋಚಿಸುವಷ್ಟು ಧೈರ್ಯ ಅವಳಿಗಿರಲಿಲ್ಲ.

ಚೆನ್ನೈನ ಅಡ್ಯಾರಿನಲ್ಲಿದ್ದ ಆ ಪುಟ್ಟ ಹೋಟೆಲಿಗೆ ‘ಹರಿದಾಸ & ಸನ್ಸ್’ ಎಂದು ಬರೆಸಿದಾಗ ಹರಿದಾಸ ರಾಯರಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಆಮೇಲೆ ಮದುವೆಯಾಯಿತು, ಜಲಜಾಕ್ಷಿ ಹುಟ್ಟಿದಳು, ಸನ್ಸ್ ಬೋರ್ಡಿನಲ್ಲೇ ಉಳಿದರು. ಬಿ.ಕಾಂ. ಮುಗಿದ ಮೇಲೆ ಗಲ್ಲಾ, ತರಕಾರಿ, ಮೊಬೈಲ್ ಆರ್ಡರು ಎಲ್ಲ ಅವಳ ತಲೆಗೇ ಬಂತು. ಹೋದ ವಾರ ರಾಯರು, “ಹೊಸ ಬೋರ್ಡಿಗೆ ಹೇಳಿ ಬಂದೆ ಮಗಾ. ಸನ್ಸ್ ತೆಗೆಸಿದ್ದೇನೆ. ಈ ಬೋರ್ಡು ನಿಂಗೋಸ್ಕರವೇ ಮಾಡ್ಸುದು,” ಎಂದಿದ್ದರು. ಉಳಿದದ್ದನ್ನು ಅವಳೇ ತುಂಬಿಕೊಂಡಿದ್ದಳು.

ಬೆಳಗ್ಗೆ ಬೋರ್ಡು ಬರೆಯುವ ಸಮೀರ್ ರಾಯರ ಮೊಬೈಲಿಗೆ ‘&’ ಅನ್ನು ಹೊಸ ಶೈಲಿಯಲ್ಲಿ ಬರೆದು ಕಳಿಸಿದ. ಅದರ ಮುಂದೇನಿದೆಯೆಂದು ಜಲಜಾಕ್ಷಿ ಕತ್ತು ಉದ್ದ ಮಾಡಿದಳು. ಅದೊಂದೇ ಇತ್ತು.

“ಎಂತ ಮಾರಾಯ್ರೆ ಇದು, ಜಾಂಗಿರಿಯಾ?” ಎಂದ ಅಡಿಗೆಯ ಕಾಂತಪ್ಪ. “ಎಣ್ಣೆಗೆ ಬಿಡುವಾಗ ಕೈ ನಡುಗಿದ ಹಾಗುಂಟು.”

ಮಹಡಿಮನೆಯಿಂದ ಕಾಫಿಗೆ ಇಳಿದಿದ್ದ ಜಯಲಕ್ಷ್ಮೀ ಮಾಮಿ ಕನ್ನಡಕ ಏರಿಸಿದರು. “ಛೆ, ಜಾಂಗಿರಿ ಅಲ್ಲಪ್ಪಾ, ಪಿಳ್ಳೈಯಾರ್, ನಿಮ್ಮ ಗಣಪತಿ! ಸೊಂಡಿಲು ಮಡಚ್ಕೊಂಡು ಚೆಂದವಾಗಿ ಕೂತಿದ್ದಾನೆ, ಪಾರುಂಗೋ, ನೋಡಿ.”

ರಾಯರು ಸಮೀರನಿಗೆ ಫೋನ್ ಹಚ್ಚಿದರು. ಅವನು ಅದನ್ನು ಆಂಪರ್ಸಾಂಡ್ ಎಂದ.

“ಆ ಹೆಸರಿನ ಪಾರ್ಟ್ನರ್ ನಮ್ಮಲ್ಲಿ ಯಾರೂ ಇಲ್ಲ,” ಎಂದು ರಾಯರು ಫೋನಿಟ್ಟರು.

ಅಷ್ಟರಲ್ಲಿ ಮಾಮಿಯ ತಂಗಿಯ ಮಗ ಗುರುಚರಣ ಬಂದ. ಊರಿನವರ ಹೆಸರಿಗೆಲ್ಲ ಸಂಖ್ಯೆ ನೋಡಿ ಅಕ್ಷರ ಸೇರಿಸಿ ಕಿತ್ತು ಮಾಡುವವನು. ಫೋಟೊ ನೋಡಿದ್ದೇ ಎದೆ ಹಿಡಿದುಕೊಂಡ. “ಎಂಟು ಅಂಕಲ್! ಬಾಯಿ ತೆರೆದ ಎಂಟು, ಶನಿಯ ಸಂಖ್ಯೆ! ಶನಿ ನಿಮ್ಮ ಬೋರ್ಡಲ್ಲೇ ಮನೆ ಮಾಡ್ಕೊಂಡಿದ್ದಾನೆ. ಅದಕ್ಕೇ ಸನ್ಸ್ ಹುಟ್ಲಿಲ್ಲ.”

ಎಲ್ಲರೂ ಜಲಜಾಕ್ಷಿಯನ್ನು ಸಾಂಬಾರಿನಲ್ಲಿ ಸಿಕ್ಕ ಕೂದಲಿನಂತೆ ನೋಡಿದರು.

“ಹಾಗಾದ್ರೆ ಪ್ಲಸ್ ಹಾಕುವನಾ?” ಎಂದರು ರಾಯರು.

“ಆಸ್ಪತ್ರೆ ಅಂತ ಎಣಿಸ್ತಾರೆ ರಾಯ್ರೇ. ನಮ್ಮ ಇಡ್ಲಿಗೆ ಅದು ಬೇಡ.” ಕಾಂತಪ್ಪ ತನ್ನ ಜಾಂಗಿರಿಯೇ ಸರಿಯೆಂದು ಸಾಧಿಸಲು ಕಾವಲಿಯ ಮೇಲೆ ದೋಸೆ ಹಿಟ್ಟಿನಲ್ಲಿ ಅದನ್ನು ಬರೆದ. ಮಗುಚುವಾಗ ತುಂಡಾಯಿತು.

“ಅಪಶಕುನ,” ಎಂದರು ಮಾಮಿ, ತುಂಡನ್ನು ಚಟ್ನಿಗೆ ಅದ್ದುತ್ತ.

ಜಲಜಾಕ್ಷಿಯ ಬಳಿಯೂ ಆ ಚಿಹ್ನೆಗೊಂದು ಹೆಸರಿತ್ತು. ಚಿಕ್ಕಂದಿನಲ್ಲಿ ಹಳೆಯ ಬೋರ್ಡಿನ ಕೆಳಗೆ ಹೋಮ್‌ವರ್ಕ್ ಮಾಡುತ್ತ ಮೇಲೆ ನೋಡಿದರೆ, ಅಪ್ಪನಿಗೂ ಹುಟ್ಟದ ಅಣ್ಣಂದಿರಿಗೂ ನಡುವೆ ಮೊಣಕಾಲು ತಬ್ಬಿಕೊಂಡು ಒಬ್ಬ ಹುಡುಗಿ ಕೂತಂತೆ ಕಾಣುತ್ತಿತ್ತು. ಕೂತವಳು. ಯಾರಿಗೂ ಹೇಳಿರಲಿಲ್ಲ.

“ನೀ ಏನಂತೀ ಕಣ್ಣಾ?” ಎಂದು ಮಾಮಿ ಅವಳನ್ನು ಕೇಳಿದರು. ಬಾಯಿ ತೆರೆದಳು. ಮೂಲೆ ಟೇಬಲಿನವರು ಪೊಂಗಲ್ ಎಲ್ಲಿ ಎಂದು ಕೂಗಿದರು. ಮುಚ್ಚಿಕೊಂಡು ಹೋದಳು.

ಕೊನೆಗೆ ಗುರುಚರಣನೇ ರಾಜಿಗೆ ಬಂದ. “ಇರಲಿ ಅಂಕಲ್. ಮುಂದೆ ಬರೋ ಹೆಸರು ಒಳ್ಳೇದಿದ್ರೆ ಶನಿ ಸುಮ್ಮನಿರ್ತಾನೆ.”

“ಮುಂದಿನದ್ದು ನಾನು ಯೋಚಿಸಿಯೇ ಇಟ್ಟಿದ್ದೇನೆ,” ಎಂದ ರಾಯರು ಮಗಳತ್ತ ನೋಡಿ ನಕ್ಕರು. ಜಲಜಾಕ್ಷಿಯ ಕಿವಿ ಬಿಸಿಯಾಯಿತು. ಮಧ್ಯಾಹ್ನ ಯಾರಿಗೋ ಸಕ್ಕರೆಯಿಲ್ಲದ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿದಳು.

ಸಂಜೆ ಸಮೀರ್ ಬಟ್ಟೆ ಎಳೆದ. ದೀಪ ಹತ್ತಿತು.

‘ಹರಿದಾಸ &’. ಅದರಾಚೆ ಬೆಳ್ಳಗೆ ಹೊಳೆಯುವ ಉದ್ದನೆಯ ಖಾಲಿ ಜಾಗ.

“ಅದು ಬರುವ ಅಳಿಯನ ಜಾಗ!” ಎಂದು ರಾಯರು ಕೈ ಚಾಚಿದರು. “ಸಂಬಂಧ ಕುದುರಿದ ಕೂಡ್ಲೆ ಅವನ ಹೆಸರು ಅಂಟಿಸುದು. ನಿಂಗೋಸ್ಕರವೇ ಅಂದಿದ್ದೆನಲ್ಲ ಮಗಾ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಂತಪ್ಪನ ಕಣ್ಣಲ್ಲಿ ನೀರೇ ಬಂತು.

“ಚಿಕ್ಕ ಹೆಸರಿನ ಹುಡುಗ ನೋಡಿ ಅಂಕಲ್, ಕೂಡಿದ್ರೆ ಆರು ಬರ್ಬೇಕು,” ಎಂದ ಗುರುಚರಣ.

“ವೇಳಚೇರಿಲಿ ಒಬ್ಬ ಇದ್ದಾನೆ. ಆದ್ರೆ ಹೆಸರು ವೆಂಕಟನರಸಿಂಹನ್,” ಎಂದರು ಮಾಮಿ. “ಇಡಮ್, ಆ ಜಾಗ, ಸಾಲುತ್ತೋ?”

ಸಮೀರ್ ಟೇಪು ಹಿಡಿದು ಅಳೆಯಲು ಏಣಿ ಹತ್ತಿದ. ಏಣಿ ಅಲುಗದಂತೆ ಹಿಡಿದುಕೊಳ್ಳಲು ರಾಯರು ಜಲಜಾಕ್ಷಿಯನ್ನೇ ಕರೆದರು. ಹಿಡಿದುಕೊಂಡಳು. ಮೇಲೆ ಕೂತವಳು ಮೊಣಕಾಲು ತಬ್ಬಿಕೊಂಡು ಹೊಳೆಯುತ್ತಿದ್ದಳು.

“ಅಪ್ಪಾ,” ಎಂದಳು ಜಲಜಾಕ್ಷಿ, ಮೂಲೆ ಟೇಬಲಿನವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ, “ಅಲ್ಲಿ ನನ್ನ ಹೆಸರು ಉಂಟು ಅಂತ ಎಣಿಸಿದ್ದೆ.”