ಕಪ್ಲರಿಗೆ ವಿಭೂತಿ

‘ನನಗೆ ಗೊತ್ತಿಲ್ಲ’ ಎಂದು ಹೇಳುವುದಕ್ಕೂ ಒಂದು ವಯಸ್ಸಿದೆ. ಅದು ದಾಟಿದ ಮೇಲೆ ಹೇಳಲು ಹೋದರೆ ನಾಲಿಗೆ ಹೊರಳುವುದಿಲ್ಲ. ನಾನು ಹರಿಹರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಕಾರ್ಖಾನೆ ಎಂದ ಕೂಡಲೇ ಜನ ನನ್ನ ಕೈಯಲ್ಲೊಂದು ಸ್ಪ್ಯಾನರ್ ಕಲ್ಪಿಸಿಕೊಳ್ಳುತ್ತಾರೆ. ನಿಜವಾಗಿ ನಾನಿದ್ದದ್ದು ಟೈಮ್ ಆಫೀಸಿನಲ್ಲಿ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ತಡವಾಗಿ ಬಂದು ಗೇಟಿನಲ್ಲಿ ಹಲ್ಲು ಗಿಂಜಿದರು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಒಳಗಿನ ಯಂತ್ರಗಳ ಸದ್ದನ್ನು ಗೋಡೆಯಾಚೆಯಿಂದ ಕೇಳಿದ್ದೇನೆ, ಅಷ್ಟೇ. ಆದರೆ ಹೆಣ್ಣು ನೋಡಲು ಹೋದಾಗ ನಮ್ಮ ಸೋದರಮಾವ ‘ಹುಡುಗ ಮಷೀನ್ ಕೆಲಸದಾಗ ಅದಾನ’ ಎಂದುಬಿಟ್ಟರು. ಮಾಯಕೊಂಡದ ಬೀಗರು ತಲೆದೂಗಿದರು. ಅವತ್ತು ನಾನು ತಿದ್ದಲಿಲ್ಲ. ಆಮೇಲೆ ತಿದ್ದಲು ಪುರುಸೊತ್ತಾಗಲಿಲ್ಲ.

ಅಷ್ಟು ವರ್ಷ ಹೇಗೆ ನಿಭಾಯಿಸಿದಿರಿ ಎಂದು ನೀವು ಕೇಳಬಹುದು. ಬಹಳ ಸುಲಭ. ಮಿಕ್ಸಿಯೋ ಮೋಟರೋ ನಿಂತರೆ ಹತ್ತಿರ ಹೋಗಿ ಕಿವಿಗೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇರಿಂಗ್ ಹೋಗಿರಬೇಕು’ ಎನ್ನುವುದು. ಎರಡು ಸಲ ನಿಜವಾಗಿಯೂ ಬೇರಿಂಗೇ ಹೋಗಿತ್ತು. ಆ ಎರಡರ ಕೀರ್ತಿಯಲ್ಲಿ ಉಳಿದದ್ದೆಲ್ಲ ಸಾಗಿತು. ಒಮ್ಮೆ ಗೋಡೆ ಗಡಿಯಾರಕ್ಕೂ ಹಾಗೇ ಅಂದಿದ್ದೆ, ಅದರ ಸೆಲ್ ಮುಗಿದಿತ್ತು.

ನಮ್ಮ ಮನೆ ನಿಟ್ಟುವಳ್ಳಿಯಲ್ಲಿ. ಶಾಮನೂರಿನ ಹೊಸ ಲೇಔಟಿನಲ್ಲಿ ಒಂದು ಸೈಟು ಇಟ್ಟುಕೊಂಡಿದ್ದೆವು. ವರ್ಷಗಟ್ಟಲೆ ಆ ಕಡೆ ತಲೆ ಹಾಕದೆ ಅದರ ತುಂಬ ಜಾಲಿ ಬೆಳೆದು, ಒಳಗೆ ಕಾಲಿಡಲು ನಾಯಿಯೂ ಹಿಂದೆ ಮುಂದೆ ನೋಡುತ್ತಿತ್ತು. ಈಗ ಮನೆ ಕಟ್ಟುವುದೆಂದಾಯಿತು. ಗುದ್ದಲಿ ಪೂಜೆಗೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮುಹೂರ್ತ, ನೆಂಟರಿಗೆಲ್ಲ ಹೇಳಿಯಾಗಿತ್ತು. ಹೆಂಡತಿ ಗಿರಿಜಾಳ ತಮ್ಮ ಬಸವರಾಜ ಮಾಯಕೊಂಡದಲ್ಲಿ ಒಂದು ಸಣ್ಣ ಲೋಡರ್ ಇಟ್ಟಿದ್ದಾನೆ. ಜನ ಅದನ್ನು ಮರಿ ಜೆಸಿಬಿ ಎನ್ನುತ್ತಾರೆ. ಅದಕ್ಕೆ ಸ್ಟೇರಿಂಗೇ ಇಲ್ಲ, ಎರಡು ಲಿವರ್ ಅಷ್ಟೇ, ನಿಂತ ಜಾಗದಲ್ಲೇ ಗಿರಕಿ ಹೊಡೆಯುತ್ತದೆ. ಮುಂದಿನ ಬಕೆಟ್ ಕಳಚಿ ಜಾಲಿ ಸವರುವ ಕಟರ್ ಸಿಕ್ಕಿಸಬಹುದಂತೆ. ಆ ಕಟರನ್ನು ಅವನು ಆಗಷ್ಟೇ ಕೊಂಡಿದ್ದ. ಮಾರಿದವರು ‘ನಾವೇ ಬಂದು ಜೋಡಿಸಿ ತೋರಿಸ್ತೀವಿ’ ಎಂದರೆ ಈ ಮಹಾಶಯ, ‘ಯಾಕ್ ಬೇಕ್ರಿ, ನಮ್ಮ ಭಾವಾರು ಅದಾರಲ್ಲ’ ಎಂದು ಹೇಳಿ ಬಂದಿದ್ದ.

ಗುರುವಾರ ಬೆಳಿಗ್ಗೆ ಲೋಡರ್ ಸೈಟಿಗೆ ಬಂತು. ಬಸವರಾಜ ಡೀಸೆಲ್ ತರಲು ಹೋದ. ಹೊಸ ವಸ್ತುವಿಗೆ ಪೂಜೆ ಆಗದೆ ಕೆಲಸ ಹಚ್ಚುವಂತಿಲ್ಲವಲ್ಲ, ಗಿರಿಜಾ ತಟ್ಟೆ ಹಿಡಿದು ಕಟರಿನ ಮುಂದೆ ನಿಂತಳು.

‘ವಿಭೂತಿ ಎಲ್ಲಿಗೆ ಹಚ್ಚಲಿ, ಹೇಳ್ರಿ.’

ನಾನು ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಅದರಿಂದ ಎರಡು ದಪ್ಪ ಪೈಪು, ಒಂದು ಸಣ್ಣ ಪೈಪು ಹೊರಬಂದಿದ್ದವು. ಮೂರರ ತುದಿಯಲ್ಲೂ ಲೋಡರಿಗೆ ಸಿಕ್ಕಿಸುವ ಫಳಫಳ ಹೊಳೆಯುವ ಕಪ್ಲರ್, ಅದರ ಮೇಲೊಂದು ರಬ್ಬರ್ ಮುಚ್ಚಳ. ಎರಡಿದ್ದರೆ ಎಣ್ಣೆ ಹೋಗುವುದೊಂದು ಬರುವುದೊಂದು ಎನ್ನಬಹುದು. ಮೂರನೆಯದು ಯಾಕೆ? ನನಗೆ ತಲೆಬುಡ ತಿಳಿಯಲಿಲ್ಲ. ಆದರೂ ಗಂಭೀರವಾಗಿ, ‘ಇದು ಇದರ ಬಾಯಿ. ಶಕ್ತಿಯೆಲ್ಲ ಹೋಗೋದು ಇಲ್ಲಿಂದಾನೇ. ಇಲ್ಲಿಗೇ ಹಚ್ಚು’ ಎಂದೆ.

‘ಮುಚ್ಚಳ ಐತಲ್ರೀ?’

‘ತೆಗೆದ್ರಾಯ್ತು.’ ನಾನೇ ಮೂರನ್ನೂ ಕಿತ್ತುಕೊಟ್ಟೆ.

ಅವಳು ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬಾಯಿಗೂ ಧಾರಾಳವಾಗಿ ಹಚ್ಚಿ, ಕುಂಕುಮವಿಟ್ಟು, ಅಕ್ಷತೆ ಹಾಕಿದಳು. ನೋಡಲು ಬಹಳ ಲಕ್ಷಣವಾಗಿತ್ತು.

ಬಸವರಾಜ ಬಂದು, ವಿಭೂತಿ ಕಂಡು ಕೈಮುಗಿದು, ಕಟರನ್ನು ಮುಂದಕ್ಕೆ ಸಿಕ್ಕಿಸಿದ. ಪೈಪು ಜೋಡಿಸಲು ಹೋದರೆ ಒಂದೂ ಒಳಗೆ ಹೋಗಲೊಲ್ಲದು. ಒತ್ತಿದ, ತಿರುವಿದ, ಮೊಣಕಾಲು ಕೊಟ್ಟು ನೂಕಿದ. ಎಂಜಿನ್ ಬೇರೆ ಗುಡುಗುಡು ಎನ್ನುತ್ತಿತ್ತು. ಕೊನೆಗೆ ನನ್ನತ್ತ ತಿರುಗಿ, ‘ಭಾವಾ, ಏನಾಗೈತಿ ನೋಡ್ರಿ’ ಎಂದ.

ನಾನು ಬಗ್ಗಿ ಕಿವಿಗೊಟ್ಟೆ. ‘ಬೇರಿಂಗ್ ಹೋಗಿರಬೇಕು.’

‘ಪೈಪಿಗೆ ಬೇರಿಂಗ್ ಎಲ್ಲಿರ್ತಾವ ಭಾವಾ?’ ಎಂದವನು, ಮರುಕ್ಷಣವೇ ತನ್ನ ಅಜ್ಞಾನಕ್ಕೆ ನಾಚಿ, ‘ಒಳಗ ಇರ್ತಾವೇನೊ, ನಮಗೇನು ಗೊತ್ತಾಗ್ತೈತಿ’ ಎಂದ. ಇಂಥ ಒಳ್ಳೆಯ ಭಾವಮೈದುನನನ್ನು ನಾನು ಪಡೆದಿರಬಾರದಿತ್ತು.

ಮಧ್ಯಾಹ್ನವಾಯಿತು. ಜಾಲಿ ಒಂದು ಎಲೆ ಅಲುಗದೆ ನಿಂತಿತ್ತು. ನಾಳೆ ಹತ್ತಕ್ಕೆ ಸ್ವಾಮಿಗಳನ್ನೂ ನೆಂಟರನ್ನೂ ಎಲ್ಲಿ ಕೂಡಿಸುವುದು? ಬಸವರಾಜ ಹರಿಹರಕ್ಕೆ ಫೋನು ಮಾಡಿ ಮೆಕ್ಯಾನಿಕ್ ನಜೀರನನ್ನು ಕರೆಸಿದ.

ನಜೀರ್ ಬೈಕಿನಿಂದ ಇಳಿಯುತ್ತಲೇ, ‘ಮೊದ್ಲು ಎಂಜಿನ್ ಬಂದ್ ಮಾಡ್ರಿ. ಲೈನಿನಾಗ ಪ್ರೆಶರ್ ಇದ್ರ ಕಪ್ಲರ್ ಕೂಡ್ರಲ್ಲ’ ಎಂದು ಲಿವರನ್ನು ನಾಲ್ಕು ಸಲ ಆಡಿಸಿದ. ಎಂಜಿನ್ ನಿಂತ ಮೇಲೂ ಪೈಪಿನೊಳಗೆ ಒತ್ತಡ ಉಳಿದಿರುತ್ತದಂತೆ. ನಿಂತದ್ದರಲ್ಲಿ ಏನು ಉಳಿಯುತ್ತದೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಮೇಲೆ ಅವನು ಕಪ್ಲರ್ ಎತ್ತಿ ನೋಡಿ, ಮೂಗಿನ ಹತ್ತಿರ ಹಿಡಿದ.

‘ಯಾರ್ರೀ ಇದರ ಬಾಯಾಗ ಪೂಜಿ ಮಾಡಿದ್ದು? ಅಕ್ಕಿಕಾಳು ಸೈತ ಐತಿ! ಇದು ಆಯಿಲ್‌ನಾಗ ಹೋಗಿದ್ರ ಪಂಪೇ ಖಲಾಸ್ ಆಗ್ತಿತ್ತು.’

ಮಾತಾಡಬೇಕಾದವನು ನಾನು. ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ, ‘ನಾನೇ ಹಚ್ಚಿದ್ದು’ ಎಂದಳು.

ಬಸವರಾಜ ಹಣೆ ಚಚ್ಚಿಕೊಂಡ. ‘ಅಕ್ಕಾ, ಗೊತ್ತಿಲ್ಲಂದ್ರ ಭಾವಾರನ್ನ ಒಂದು ಮಾತು ಕೇಳಬಾರದಾಗಿತ್ತಾ?’

ಗಿರಿಜಾ ನನ್ನನ್ನು ನೋಡಿದಳು. ನಾನು ಜಾಲಿಯನ್ನು ನೋಡಿದೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಆದರೂ ನಾಲಿಗೆ ಹೊರಳಲಿಲ್ಲ.

ನಜೀರ್ ಅದನ್ನೆಲ್ಲ ಒರೆಸಿ ತೊಳೆದು ಟಕ್ ಟಕ್ ಎಂದು ಮೂರನ್ನೂ ಕೂಡಿಸಿದ. ಸಂಜೆಯ ಹೊತ್ತಿಗೆ ಸೈಟು ಬೋಳಾಯಿತು, ಮರುದಿನ ಪೂಜೆಯೂ ಸಾಂಗವಾಗಿ ಆಯಿತು. ತಿಂಡಿಗೆ ಕೂತಾಗ ಬಸವರಾಜ ಕಥೆ ಶುರು ಮಾಡಿದ. ಅಕ್ಕ ಮಷೀನಿನ ಬಾಯಿಗೆ ಅಕ್ಷತೆ ಹಾಕಿದ್ದನ್ನು ಅವನು ಅಭಿನಯಿಸಿ ತೋರಿಸಿದಾಗ ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಕೇಸರಿಬಾತಿನ ಪಾತ್ರೆ ಹಿಡಿದ ಗಿರಿಜಾಳ ಮುಖ ಸಣ್ಣದಾಯಿತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ‘ಅಕಿದೇನೂ ತಪ್ಪಿಲ್ಲ. ಮುಚ್ಚಳ ತೆಗೆದವನೂ ನಾನೇ, ಅಲ್ಲಿ ಹಚ್ಚು ಅಂದವನೂ ನಾನೇ. ನನಗ ಮಷೀನಿನ ಗಂಧ ಗಾಳಿನೂ ಗೊತ್ತಿಲ್ಲ’ ಎಂದುಬಿಟ್ಟೆ.

ಗಿರಿಜಾಳ ಚಿಕ್ಕಪ್ಪ ರುದ್ರಪ್ಪನವರು ಕೈಯೆತ್ತಿ, ‘ನೋಡ್ರಪ್ಪಾ, ಹೆಂಡ್ತಿ ತಪ್ಪನ್ನ ಹೆಂಗ ತಮ್ಮ ಮ್ಯಾಲ ಹಾಕ್ಕೊಂಡ್ರು! ದೊಡ್ಡ ಮನಸು ಅಂದ್ರ ಇದು’ ಎಂದರು. ಎಲ್ಲರೂ ಹೌದೌದೆಂದರು. ಬಸವರಾಜನ ಕಣ್ಣಲ್ಲಿ ನೀರೇ ಬಂತು. ರುದ್ರಪ್ಪನವರು ಅಲ್ಲಿಗೇ ಬಿಡದೆ, ‘ಅಳಿಯಂದ್ರೇ, ನಮ್ಮ ಮೆಕ್ಕೆಜೋಳದ ಕಾಳು ಬಿಡಿಸೋ ರಾಶಿ ಮಷೀನ್ ನಿಂತು ತಿಂಗಳಾತು. ಸೋಮವಾರ ಬಂದು ಸ್ವಲ್ಪ ಬಿಚ್ಚಿ ನೋಡ್ತೀರಾ?’ ಎಂದರು.

ನಾನು ಬಾಯಿ ತೆರೆದೆ. ಗಿರಿಜಾ ನನ್ನ ಎಲೆಗೆ ಇನ್ನೊಂದು ಸೌಟು ಕೇಸರಿಬಾತ್ ಬಡಿಸುತ್ತ, ‘ಬರ್ತಾರ ಬಿಡ್ರಿ ಕಾಕಾ. ಬಿಚ್ಚಿ, ಜೋಡ್ಸಿ, ನಡೆಸಿ ತೋರಿಸೇ ಬರ್ತಾರ’ ಎಂದಳು.

ಇವತ್ತು ಭಾನುವಾರ. ಗಿರಿಜಾ ಬೀರುವಿನಿಂದ ನನ್ನ ಕಾರ್ಖಾನೆಯ ಕಾಲದ ಅಂಗಿಯೊಂದನ್ನು ಹುಡುಕಿ ತೆಗೆದಿಟ್ಟು, ‘ನಾಳೆ ಇದನ್ನ ಹಾಕ್ಕೊಳ್ರಿ. ಎಣ್ಣಿ ಕಲೆ ಆದ್ರೂ ಚಿಂತಿಲ್ಲ’ ಎಂದು ಒಳಗೆ ಹೋದಳು. ಅಂಗಿಯನ್ನು ಬಿಡಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮೂವತ್ತು ವರ್ಷ ನನ್ನ ಅಂಗಿಗಳನ್ನು ಒಗೆದವಳು ಅವಳು. ಒಂದರ ಮೇಲೂ ಒಂದೇ ಒಂದು ಎಣ್ಣೆಯ ಕಲೆ ಇರಲಿಲ್ಲವೆಂಬುದು ನನಗೆ ಈಗ ಹೊಳೆಯುತ್ತಿದೆ.